ಲೆಸ್ಟರ್‌ನ ಸಂಜೆ ಉಪನ್ಯಾಸಗಳು: ಹೊಸದಾಗಿ ಬಂದ ಕನ್ನಡಿಗರಿಗೆ

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್ ನಡುವಿನ ಹೊತ್ತಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸೂರ್ಯ ಮುಳುಗುವುದು ನಾಲ್ಕು ಗಂಟೆಗೂ ಮೊದಲು. ಆಫೀಸಿನಿಂದಲೋ ಕಾಲೇಜಿನಿಂದಲೋ ಬಂದು ಕೋಣೆಯ ಬಾಗಿಲು ಹಾಕಿಕೊಂಡರೆ ಮಾರ್ಚ್‌ವರೆಗೆ ಅದೇ ಬದುಕು. ಹೊಸಬರು ಮೊದಲ ಚಳಿಗಾಲದಲ್ಲಿ ಸೊರಗುವುದು ಚಳಿಗಿಂತ ಹೆಚ್ಚಾಗಿ ಈ ಸಂಜೆಗಳಿಂದ. ಈ ಊರು ಅದಕ್ಕೆ ತನ್ನದೇ ಉಪಾಯವನ್ನು ನೂರೈವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಾರದ ಹೆಚ್ಚುಕಡಿಮೆ ಎಲ್ಲ ದಿನವೂ ಒಂದಲ್ಲ ಒಂದು ಸಭಾಂಗಣದಲ್ಲಿ ಯಾರೋ ಬಾವಲಿಯ ಬಗ್ಗೆ, ರಿಚರ್ಡ್ ದೊರೆಯ ಬೆನ್ನುಮೂಳೆಯ ಬಗ್ಗೆ, ಶೂಬರ್ಟ್ ಬಗ್ಗೆ, ಚರ್ಚಿಗೂ ಸರ್ಕಾರಕ್ಕೂ ಇರುವ ನಂಟಿನ ಬಗ್ಗೆ ಮಾತಾಡುತ್ತಿರುತ್ತಾರೆ. ಕೇಳಲು ಬರುವವರು ಸುತ್ತಮುತ್ತಲಿನ ಸಾಮಾನ್ಯ ಜನ. ಒಳಹೋಗಲು ಯಾರ ಶಿಫಾರಸೂ ಬೇಡ.

ಬೆಂಗಳೂರಿನ ಬಸವನಗುಡಿಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. 1945ರಲ್ಲಿ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಇವುಗಳ ಅಣ್ಣಂದಿರೇ ಲೆಸ್ಟರ್‌ನ ಸಂಘಗಳು. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಉಪನ್ಯಾಸ ಮುಗಿದ ಕೂಡಲೇ ಜನ ಚಪ್ಪಲಿ ಹುಡುಕಲು ಹೊರಡುತ್ತಾರೆ. ಇಲ್ಲಿ ಅರ್ಧ ಕಾರ್ಯಕ್ರಮ ನಡೆಯುವುದೇ ಚಹಾ ಮೇಜಿನ ಬಳಿ. ಭಾಷಣ ಕೇಳಿ ಚಹಾಕ್ಕೆ ನಿಲ್ಲದೆ ಬಂದವರು ವರ್ಷವಿಡೀ ಹೋದರೂ ಒಬ್ಬರ ಪರಿಚಯವೂ ಆಗದೆ ಉಳಿಯುತ್ತಾರೆ. ಹಾಗಾಗಿ ಮೊದಲ ಸಲಹೆ: ಹತ್ತು ಕಡೆ ಒಂದೊಂದು ಸಲ ಹೋಗಬೇಡಿ. ಎರಡು ಸಂಘ ಆರಿಸಿಕೊಂಡು ಇಡೀ ಋತು ಹೋಗಿ. ಮೂರನೇ ಸಲ ಕಂಡ ಮುಖವನ್ನಷ್ಟೇ ಇಲ್ಲಿನವರು ತಾವಾಗಿ ಮಾತಾಡಿಸುತ್ತಾರೆ. ಅದು ಬಿಗುಮಾನವಲ್ಲ, ಹೊಸಬರನ್ನು ಕೆದಕಿ ಮುಜುಗರ ಮಾಡಬಾರದೆಂಬ ಸಂಕೋಚ.

ಸಂಘಗಳ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಆರಂಭ. ಅದಕ್ಕೆ ಮೊದಲೇ ಇಡೀ ಋತುವಿನ ಕಾರ್ಯಕ್ರಮ ಪಟ್ಟಿ ಒಂದು ಮಡಚಿದ ಕಾರ್ಡಿನಲ್ಲಿ ಅಚ್ಚಾಗಿರುತ್ತದೆ. ಸಿಟಿ ಲೈಬ್ರರಿ, ನ್ಯೂ ವಾಕ್‌ನ ಮ್ಯೂಸಿಯಂ, ನಿಮ್ಮ ಬಡಾವಣೆಯ ಲೈಬ್ರರಿಯ ಸೂಚನಾ ಫಲಕ, ಈ ಮೂರು ಕಡೆ ಸಿಗುತ್ತದೆ. ಕಾರ್ಡನ್ನು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ. ಆದರೆ ಹೊರಡುವ ದಿನ ಸಂಘದ ಜಾಲತಾಣವನ್ನೂ ಒಮ್ಮೆ ನೋಡಿ. ಹಳೆಯ ಕಟ್ಟಡಗಳ ದುರಸ್ತಿ ಇಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಸಭೆ ಬೇರೆ ಜಾಗಕ್ಕೋ ಜೂಮ್‌ಗೋ ಹೋಗಿರುತ್ತದೆ.

ಅತಿಥಿಯಾಗಿ ಹೋದರೆ ಕೆಲವೆಡೆ ಉಚಿತ, ಉಳಿದ ಕಡೆ ಎರಡರಿಂದ ಐದು ಪೌಂಡ್. ವರ್ಷದ ಸದಸ್ಯತ್ವ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ಪೌಂಡ್, ವಿದ್ಯಾರ್ಥಿಗಳಿಗೆ ಕಡಿಮೆ. ಬಾಗಿಲಲ್ಲಿ ಕೂತವರು ಕಾರ್ಡ್ ಯಂತ್ರ ಇಟ್ಟುಕೊಂಡಿರುತ್ತಾರೆಂದು ನಂಬಬೇಡಿ, ಜೇಬಿನಲ್ಲಿ ನಾಲ್ಕೈದು ಪೌಂಡ್ ಚಿಲ್ಲರೆ ಇರಲಿ. ಸದಸ್ಯತ್ವದ ಅರ್ಜಿಯಲ್ಲಿ ಗಿಫ್ಟ್ ಏಡ್ ಎಂಬ ಚೌಕವಿರುತ್ತದೆ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ಗುರುತು ಹಾಕಿ, ನೀವು ಕೊಟ್ಟ ಪ್ರತಿ ಪೌಂಡ್‌ಗೆ ಸಂಘಕ್ಕೆ ಸರ್ಕಾರದಿಂದ 25 ಪೆನ್ಸ್ ಸಿಗುತ್ತದೆ, ನಿಮ್ಮ ಕೈಯಿಂದ ಹೆಚ್ಚೇನೂ ಹೋಗದು. ತೆರಿಗೆ ಕಟ್ಟದ ವಿದ್ಯಾರ್ಥಿಗಳು ಗುರುತು ಹಾಕಬಾರದು. ಕಟ್ಟದ ತೆರಿಗೆಯ ಮೇಲೆ ಕ್ಲೇಮ್ ಆದರೆ ಆ ವ್ಯತ್ಯಾಸವನ್ನು ತೆರಿಗೆ ಇಲಾಖೆ ನಿಮ್ಮಿಂದಲೇ ಕೇಳಬಹುದು. ಉಚಿತ ಕಾರ್ಯಕ್ರಮಕ್ಕೆ ಈವೆಂಟ್‌ಬ್ರೈಟ್ ಜಾಲತಾಣದಲ್ಲಿ ಸೀಟು ಕಾದಿರಿಸಿ ಹೋಗದೇ ಇರುವುದು ನಮ್ಮವರ ಮೇಲಿರುವ ಒಂದು ದೂರು, ದೂರಿನಲ್ಲಿ ಹುರುಳೂ ಇದೆ. ಎಂಬತ್ತು ಕುರ್ಚಿಯ ಕೋಣೆಯಲ್ಲಿ ಇಪ್ಪತ್ತು ಖಾಲಿ ಉಳಿದರೆ, ಸೀಟು ಸಿಗದೆ ಮನೆಯಲ್ಲುಳಿದ ಇಪ್ಪತ್ತು ಜನ ಇರುತ್ತಾರೆ. ಹೋಗಲಾಗದಿದ್ದರೆ ಹಿಂದಿನ ದಿನವೇ ರದ್ದು ಮಾಡಿ.

ಒಂದು ಸಂಜೆ ಹೇಗೆ ಸಾಗುತ್ತದೆ ಎಂದರೆ: ಕಾರ್ಡಿನಲ್ಲಿ ‘ಏಳಕ್ಕೆ, ಏಳೂವರೆಗೆ’ ಎಂದು ಎರಡು ಹೊತ್ತು ಇದ್ದರೆ ಏಳಕ್ಕೆ ಬಾಗಿಲು ತೆರೆಯುತ್ತದೆ, ಏಳೂವರೆಗೆ ಅಧ್ಯಕ್ಷರು ಎದ್ದು ನಿಲ್ಲುತ್ತಾರೆ. ಏಳೂವರೆ ಎಂದರೆ ಏಳೂವರೆಯೇ. ಮುಖ್ಯ ಅತಿಥಿ, ದೀಪ ಬೆಳಗಿಸುವುದು, ಸನ್ಮಾನ, ಶಾಲು, ಯಾವುದೂ ಇಲ್ಲ. ಐದು ನಿಮಿಷ ಪ್ರಕಟಣೆ, ನಲವತ್ತೈದರಿಂದ ಅರವತ್ತು ನಿಮಿಷ ಉಪನ್ಯಾಸ, ಚಹಾ, ಪ್ರಶ್ನೆ, ಒಂದೆರಡು ವಾಕ್ಯದ ವಂದನೆ. ಒಂಬತ್ತೂವರೆಗೆ ಕುರ್ಚಿ ಮಡಚಿಟ್ಟಿರುತ್ತಾರೆ. ತಡವಾದರೆ ಹಿಂದಿನ ಬಾಗಿಲಿಂದ ಬಂದು ಕೊನೆಯ ಸಾಲಿನಲ್ಲಿ ಕೂರಿ, ಖಾಲಿ ಇದೆಯೆಂದು ಮುಂದಿನ ಸಾಲಿಗೆ ನಡೆಯಬೇಡಿ. ಕೆಲವು ಸಂಘಗಳಲ್ಲಿ ಒಂದು ಪೌಂಡಿನ ರಾಫಲ್ (ಲಾಟರಿ) ಚೀಟಿ ಮಾರುತ್ತಾರೆ. ಅದು ಸಭಾಂಗಣದ ಬಾಡಿಗೆಗೆ, ಕೊಂಡುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳುವ ಹೊತ್ತಿನಲ್ಲಿ ನಮ್ಮವರು ಎಡವುವುದು ಹೆಚ್ಚು. ಕೈ ಎತ್ತಿ, ಅಧ್ಯಕ್ಷರು ನಿಮ್ಮತ್ತ ತೋರಿಸಿದ ಮೇಲೆ ಮಾತಾಡಿ. ಅರ್ಧ ನಿಮಿಷದಲ್ಲಿ ಮುಗಿಯುವ ಒಂದೇ ಪ್ರಶ್ನೆ. ‘ನಮ್ಮ ಪುರಾತನರು ಇದನ್ನು ಆಗಲೇ ಹೇಳಿದ್ದರು’ ಎಂಬ ಪೀಠಿಕೆ ಹಾಕಿದಿರೋ, ಸಭೆ ನಯವಾಗಿ ನಕ್ಕು ಮುಂದಿನವರತ್ತ ತಿರುಗುತ್ತದೆ. ಉಚ್ಚಾರಣೆಯ ಅಳುಕು ಬೇಡ. ಈ ಊರಿನಲ್ಲಿ ಗುಜರಾತಿ, ಪಂಜಾಬಿ, ಸೊಮಾಲಿ, ಪೋಲಿಷ್ ಉಚ್ಚಾರಣೆಗಳೆಲ್ಲ ಕಿವಿಗೆ ಬಿದ್ದಿವೆ. ನಿಧಾನವಾಗಿ, ತುಸು ಗಟ್ಟಿಯಾಗಿ ಹೇಳಿದರೆ ಸಾಕು. ಕೇಳುಗರಲ್ಲಿ ಬಹುಪಾಲು ಅರವತ್ತು ದಾಟಿದವರು, ಕಿವಿ ಮಂದ ಇರುವವರೂ ಇರುತ್ತಾರೆ.

ಇನ್ನು ಒಂದೊಂದು ವಿಷಯಕ್ಕೆ ಬರೋಣ. ಮೊದಲು ಸೆಕ್ಯುಲರ್ ಹಾಲ್, ಏಕೆಂದರೆ ಲೆಸ್ಟರ್‌ಗೇ ವಿಶೇಷವಾದದ್ದು ಅದು.

ಹಂಬರ್‌ಸ್ಟೋನ್ ಗೇಟ್ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಕಟ್ಟಡ. ತಲೆಯೆತ್ತಿ ನೋಡಿದರೆ ಮುಂಭಾಗದಲ್ಲಿ ಐದು ಮುಖಗಳು ಕಾಣುತ್ತವೆ: ಸಾಕ್ರಟೀಸ್, ಏಸು, ವೋಲ್ಟೇರ್, ಥಾಮಸ್ ಪೇನ್, ರಾಬರ್ಟ್ ಓವೆನ್. 1881ರಲ್ಲಿ ಬಾಗಿಲು ತೆರೆದಾಗ ಏಸುವನ್ನು ಆ ಸಾಲಿನಲ್ಲಿ ಕೂರಿಸಿದ್ದೇ ಊರಿನಲ್ಲಿ ದೊಡ್ಡ ಗದ್ದಲವಾಯಿತು. ಕಟ್ಟಿಸಿದ ಸಂಘ ಲೆಸ್ಟರ್ ಸೆಕ್ಯುಲರ್ ಸೊಸೈಟಿ, ಧರ್ಮದ ಹಂಗು ಬೇಡವೆಂಬ ವಿಚಾರವಾದಿಗಳದ್ದು. 1851ರಲ್ಲಿ ಹುಟ್ಟಿದ್ದು, ಈ ಬಗೆಯ ಸಂಘಗಳಲ್ಲಿ ಜಗತ್ತಿಗೇ ಹಳೆಯದು ಎಂದು ಹೇಳಿಕೊಳ್ಳುತ್ತದೆ. ದೈವನಿಂದೆಯ ಆರೋಪದಲ್ಲಿ 1842ರಲ್ಲಿ ಆರು ತಿಂಗಳ ಸಜೆ ಅನುಭವಿಸಿದ್ದ ಜಾರ್ಜ್ ಹೋಲಿಯೋಕ್‌ನ ಉಪನ್ಯಾಸಕ್ಕೆ ಊರಲ್ಲಿ ಸಭಾಂಗಣ ಕೊಡಲೊಲ್ಲದೆ ಹೋದಾಗ, ಸ್ವಂತ ಜಾಗವೇ ಬೇಕೆಂದು ಪಟ್ಟು ಹಿಡಿದವರು ಎಂಜಿನಿಯರ್ ಜೋಸಯ್ಯ ಗಿಮ್ಸನ್. ಉದ್ಘಾಟನೆಗೆ ಬಂದವರಲ್ಲಿ ನಾಸ್ತಿಕರ ನಾಯಕ ಚಾರ್ಲ್ಸ್ ಬ್ರಾಡ್ಲಾ ಮತ್ತು ಆನಿ ಬೆಸೆಂಟ್ ಇದ್ದರು. ಬೆಸೆಂಟ್ ಆಗಿನ್ನೂ ಕಟ್ಟಾ ನಾಸ್ತಿಕರು, ಥಿಯಾಸಫಿ, ಅಡ್ಯಾರು, 1917ರ ಕಾಂಗ್ರೆಸ್ ಅಧ್ಯಕ್ಷತೆ ಎಲ್ಲ ಆಮೇಲಿನ ಮಾತು. ಬ್ರಾಡ್ಲಾ 1880ರಲ್ಲಿ ನಾರ್ಥಾಂಪ್ಟನ್‌ನಿಂದ ಪಾರ್ಲಿಮೆಂಟಿಗೆ ಗೆದ್ದರೂ ಪ್ರಮಾಣವಚನದ ಜಗಳದಿಂದಾಗಿ 1886ರವರೆಗೆ ನೆಮ್ಮದಿಯಾಗಿ ಕುರ್ಚಿ ಸಿಗಲಿಲ್ಲ. 1889ರಲ್ಲಿ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದರು, 1891ರಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1884ರ ಜನವರಿಯಲ್ಲಿ ಇಲ್ಲಿ ಕಲೆ ಮತ್ತು ಸಮಾಜವಾದದ ಬಗ್ಗೆ ಮಾತಾಡಿ ಆ ರಾತ್ರಿ ಗಿಮ್ಸನ್ ಮನೆಯಲ್ಲಿ ತಂಗಿದಾಗ, ಮನೆಯ ಹತ್ತೊಂಬತ್ತರ ಹುಡುಗ ಅರ್ನೆಸ್ಟ್ ಅವರೊಡನೆ ಮಾತಿಗೆ ಕೂತ. ಮುಂದೆ ಆತ ಇಂಗ್ಲೆಂಡಿನ ಹೆಸರಾಂತ ಪೀಠೋಪಕರಣ ವಿನ್ಯಾಸಕಾರ ಮತ್ತು ವಾಸ್ತುಶಿಲ್ಪಿಯಾದ. ಅವನು ಮಾಡಿದ ಕುರ್ಚಿಗಳನ್ನು ನ್ಯೂ ವಾಕ್ ಮ್ಯೂಸಿಯಂನಲ್ಲಿ ನೋಡಬಹುದು.

ಸಂಘದ ಉಪನ್ಯಾಸಗಳಿಗೆ ಭಾನುವಾರ ಸಂಜೆ ಮೊದಲಿನಿಂದಲೂ ಮೀಸಲು. ಭಾರತದಲ್ಲಿ ಟಿವಿಯಲ್ಲಿ ನಡೆಯುವಂಥ ಚರ್ಚೆ ಇಲ್ಲೂ ಇರುತ್ತದೆಂದು ಹೋದರೆ ನಿರಾಸೆಯಾದೀತು. ಇಲ್ಲಿನ ವಾದಗಳು ಬೇರೆ: ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ 26 ಬಿಷಪ್ಪರು ಕೂರುವುದು ಸರಿಯೇ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಮತೀಯ ಶಾಲೆಗಳು ಬೇಕೇ, 2008ರಲ್ಲಿ ದೈವನಿಂದೆಯ ಕಾನೂನು ರದ್ದಾದ ಮೇಲೆ ಅದರ ಜಾಗದಲ್ಲಿ ಬೇರೆ ರೂಪದ ನಿರ್ಬಂಧ ಬರುತ್ತಿದೆಯೇ. ಮಕ್ಕಳಿರುವವರಿಗೆ ಒಂದು ಉಪಯುಕ್ತ ವಿಷಯ ಇಲ್ಲಿಯೇ ಕಿವಿಗೆ ಬೀಳುತ್ತದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ಇರಬೇಕೆಂದು ಕಾನೂನಿದೆ, ಅದರಿಂದಲೂ ಧಾರ್ಮಿಕ ಶಿಕ್ಷಣದ ತರಗತಿಯಿಂದಲೂ ಮಗುವನ್ನು ಹೊರಗಿಡುವ ಹಕ್ಕು ತಂದೆತಾಯಿಗಿದೆ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಸಾಕು. ಆದರೆ ಧಾರ್ಮಿಕ ಶಿಕ್ಷಣದ ತರಗತಿ ಬಿಡಿಸುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಅಲ್ಲಿ ಕಲಿಸುವುದು ಆರೇಳು ಧರ್ಮಗಳ ಪರಿಚಯ, ಸಹಪಾಠಿಗಳ ಮನೆಯ ಹಬ್ಬಗಳು ಮಗುವಿಗೆ ಅರ್ಥವಾಗುವುದು ಅಲ್ಲೇ. ಸೆಕ್ಯುಲರ್ ಹಾಲ್‌ಗೆ ಆಸ್ತಿಕರು ಹೋಗಬಾರದೆಂದೇನಿಲ್ಲ, ಹೋಗುವವರೂ ಇದ್ದಾರೆ. ಹಣೆಯ ಕುಂಕುಮವನ್ನೋ ವಿಭೂತಿಯನ್ನೋ ಯಾರೂ ಕೆಣಕುವುದಿಲ್ಲ. ಆದರೆ ನಿಮ್ಮ ನಂಬಿಕೆಯನ್ನು ನೀವೇ ವಾದಕ್ಕಿಟ್ಟರೆ ಎಳ್ಳಷ್ಟೂ ರಿಯಾಯಿತಿ ಸಿಗದು.

ಪ್ರಕೃತಿಯ ವಿಷಯದಲ್ಲಿ ಲೆಸ್ಟರ್‌ಗೆ ತನ್ನ ಬಗ್ಗೆ ತುಸು ಜಂಬವಿದೆ, ಇರುವುದು ನ್ಯಾಯವೇ. ಆಲ್ಫ್ರೆಡ್ ರಸೆಲ್ ವ್ಯಾಲೆಸ್ ಇಲ್ಲಿ ಶಾಲಾ ಮೇಷ್ಟರಾಗಿದ್ದಾಗ, ಇದೇ ಊರಿನ ಹುಡುಗ ಹೆನ್ರಿ ವಾಲ್ಟರ್ ಬೇಟ್ಸ್ ಜೀರುಂಡೆ ಹಿಡಿಯುವ ಹುಚ್ಚು ಹತ್ತಿಸಿದ. 1848ರಲ್ಲಿ ಇಬ್ಬರೂ ಕೂಡಿ ಅಮೆಜಾನಿಗೆ ಹೊರಟರು. ವಿಕಾಸವಾದವನ್ನು ಡಾರ್ವಿನ್ನನ ಜೊತೆಜೊತೆಗೇ ಕಂಡುಕೊಂಡ ವ್ಯಾಲೆಸ್‌ಗೆ ದಾರಿ ಬಿದ್ದದ್ದು ಹಾಗೆ. ಡೇವಿಡ್ ಅಟೆನ್‌ಬರೊ ಬೆಳೆದದ್ದೂ ಇಲ್ಲಿ, ಅವರ ತಂದೆ ಯೂನಿವರ್ಸಿಟಿ ಕಾಲೇಜಿನ ಪ್ರಿನ್ಸಿಪಾಲರು.

ಕೇಳಬೇಕಾದ ಸಂಘ ಲೆಸ್ಟರ್ ಲಿಟರರಿ ಅಂಡ್ ಫಿಲಸಾಫಿಕಲ್ ಸೊಸೈಟಿ, ಎಲ್ಲರ ಬಾಯಲ್ಲಿ ‘ಲಿಟ್ ಅಂಡ್ ಫಿಲ್’. 1835ರದ್ದು. ತನ್ನ ಸಂಗ್ರಹವನ್ನೇ ಊರಿಗೆ ಕೊಟ್ಟು 1849ರಲ್ಲಿ ಮ್ಯೂಸಿಯಂ ಆರಂಭಕ್ಕೆ ಕಾರಣವಾದ ಸಂಘ ಇದು. ಮುಖ್ಯ ಉಪನ್ಯಾಸಗಳು ವಾಡಿಕೆಯಂತೆ ಸೋಮವಾರ ಸಂಜೆ, ಭೂವಿಜ್ಞಾನಕ್ಕೂ ನಿಸರ್ಗ ಅಧ್ಯಯನಕ್ಕೂ ಬೇರೆ ವಿಭಾಗಗಳಿವೆ. ಭೂವಿಜ್ಞಾನ ವಿಭಾಗದಲ್ಲಿ ಯಾವತ್ತಾದರೂ ಬರುವ ಹೆಸರು ಚಾರ್ನಿಯಾ. 1957ರಲ್ಲಿ ಚಾರ್ನ್‌ವುಡ್ ಕಾಡಿನ ಬಂಡೆಯಲ್ಲಿ ಶಾಲಾ ಹುಡುಗ ರೋಜರ್ ಮೇಸನ್ ಜರೀಗಿಡದ ಎಲೆಯಂಥ ಅಚ್ಚೊಂದನ್ನು ಕಂಡ. ಅದಕ್ಕೂ ಒಂದು ವರ್ಷ ಮೊದಲು ಟೀನಾ ನೀಗಸ್ ಎಂಬ ಹುಡುಗಿ ಕಂಡು ಹೇಳಿದಾಗ, ಅಷ್ಟು ಹಳೆಯ ಬಂಡೆಯಲ್ಲಿ ಜೀವಿಯ ಗುರುತು ಇರಲು ಸಾಧ್ಯವೇ ಇಲ್ಲವೆಂದು ಮೇಷ್ಟರು ತಳ್ಳಿಹಾಕಿದ್ದರು. ಸುಮಾರು 56 ಕೋಟಿ ವರ್ಷ ಹಳೆಯ ಆ ಅಚ್ಚಿನ ಮೂಲ ಕಲ್ಲು ಮ್ಯೂಸಿಯಂನಲ್ಲಿದೆ, ಪ್ರವೇಶ ಉಚಿತ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು ಎಂದು ಚಹಾದ ಹೊತ್ತಿನಲ್ಲಿ ಹೇಳಿ ನೋಡಿ, ಭೂವಿಜ್ಞಾನದವರ ಕಣ್ಣು ಅರಳುತ್ತದೆ. ಚಾರ್ನ್‌ವುಡ್‌ಗೆ ಹೋದರೆ ಸುತ್ತಿಗೆ ಒಯ್ಯಬೇಡಿ, ಅಲ್ಲಿನ ಬಂಡೆಗಳಿಗೆ ಕಾನೂನಿನ ರಕ್ಷಣೆ ಇದೆ.

ಪಕ್ಷಿ, ಪ್ರಾಣಿಗಳ ಉಪನ್ಯಾಸಕ್ಕೆ ಲೆಸ್ಟರ್‌ಶೈರ್ ಅಂಡ್ ರಟ್ಲಂಡ್ ವೈಲ್ಡ್‌ಲೈಫ್ ಟ್ರಸ್ಟ್‌ನ ಸ್ಥಳೀಯ ಗುಂಪುಗಳು. ಹೆಚ್ಚು ಕೇಳಿಬರುವುದು ರಟ್ಲಂಡ್ ವಾಟರ್ ಜಲಾಶಯದ ಮೀನುಗಿಡುಗ. ಇಂಗ್ಲೆಂಡಿನಲ್ಲಿ ಅಳಿದುಹೋಗಿದ್ದ ಈ ಹಕ್ಕಿಯ ಮರಿಗಳನ್ನು 1996ರಿಂದ ಸ್ಕಾಟ್ಲೆಂಡಿನಿಂದ ತಂದು ಬಿಟ್ಟರು, 2001ರಲ್ಲಿ ಮೊದಲ ಸಂತಾನವಾಯಿತು. ಮಾರ್ಚ್‌ನಲ್ಲಿ ಬಂದು ಸೆಪ್ಟೆಂಬರ್ ಹೊತ್ತಿಗೆ ಹೊರಟುಹೋಗುತ್ತವೆ. ಇವು ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕದಲ್ಲಿ. ನಮ್ಮ ಕಬಿನಿ ಹಿನ್ನೀರಲ್ಲಿ ಚಳಿಗಾಲದಲ್ಲಿ ಕಾಣುವ ಮೀನುಗಿಡುಗಗಳು ಬೇರೆ ಕಡೆಯಿಂದ ಬಂದವು.

ಮೇ ತಿಂಗಳಿಂದ ಸಭಾಂಗಣ ಬಿಟ್ಟು ಹೊರಗಿನ ಕಾರ್ಯಕ್ರಮಗಳು. ಬಾವಲಿ ನಡಿಗೆ ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಸೂರ್ಯಾಸ್ತಕ್ಕೆ ಸೇರಿ ಒಂದೂವರೆ ಗಂಟೆ ಕೆರೆ ಅಥವಾ ಕಾಲುವೆ ದಂಡೆಯಲ್ಲಿ ಸುತ್ತುವುದು. ಬಾವಲಿಯ ಕೂಗು ಹಿಡಿಯುವ ಡಿಟೆಕ್ಟರ್ ಯಂತ್ರವೊಂದನ್ನು ಕೈಗೆ ಕೊಡುತ್ತಾರೆ. ಅದರ ತಿರುಗಣೆಯನ್ನು 45 ಕಿಲೋಹರ್ಟ್ಸ್ ಹತ್ತಿರ ಇಟ್ಟರೆ ಸಾಮಾನ್ಯ ಪಿಪಿಸ್ಟ್ರೆಲ್ ಎಂಬ ಬಾವಲಿ, 55ರ ಹತ್ತಿರ ಇಟ್ಟರೆ ಅದರ ತಂಗಿ ಸೊಪ್ರಾನೊ ಪಿಪಿಸ್ಟ್ರೆಲ್. ಮನುಷ್ಯನ ಕಿವಿ 20 ದಾಟದು, ಹಾಗಾಗಿ ಯಂತ್ರ ಅದನ್ನು ಇಳಿಸಿ ‘ಟಪ್ ಟಪ್’ ಎಂದು ಕೇಳಿಸುತ್ತದೆ. ಹುಳ ಸಿಕ್ಕುವ ಗಳಿಗೆಯಲ್ಲಿ ಟಪ್ ಟಪ್ ಒಮ್ಮೆಗೇ ಬಿರುಸಾಗಿ ಬಟ್ಟೆ ಹರಿದಂತೆ ಆಗುತ್ತದೆ. ಅದನ್ನು ಕೇಳಲಿಕ್ಕೆಂದೇ ಹೋಗಬೇಕು. ಟಾರ್ಚನ್ನು ನೆಲಕ್ಕೆ ಮಾತ್ರ ಹಿಡಿಯಿರಿ. ಬಾವಲಿ ಮುಟ್ಟಲು ಪರವಾನಗಿ ಬೇಕು, ಅದರ ಗೂಡಿಗೆ ತೊಂದರೆ ಕೊಡುವುದು ಅಪರಾಧ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ಸಿಕ್ಕಿಸಿದ ತುದಿ, ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಸುತ್ತ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳುವುದು, ಇಷ್ಟು ಬೇಕು. ಲೈಮ್ ಕಾಯಿಲೆ ಬರುವುದು ಅದರಿಂದಲೇ. ಉಣ್ಣಿಯನ್ನು ಸೂಕ್ಷ್ಮ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಎಣ್ಣೆ, ಬೆಂಕಿಕಡ್ಡಿಯ ಮನೆಮದ್ದು ಕೆಡಿಸುತ್ತದೆ. ಬ್ರಾಡ್‌ಗೇಟ್ ಪಾರ್ಕಿನ ಜಿಂಕೆಗಳಿಂದ 50 ಮೀಟರ್ ದೂರವಿರಿ. ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳು ಕಾದಾಡುವ ಕಾಲ, ಸೆಲ್ಫಿಯ ಕಾಲವಲ್ಲ.

ಫೋಟೊಗ್ರಫಿಗೆ ಹೋಗುವ ಕನ್ನಡಿಗರು ಬಹಳ, ಮೊದಲ ಸ್ಪರ್ಧೆಯಲ್ಲೇ ಮುಖ ಚಿಕ್ಕದು ಮಾಡಿಕೊಂಡು ಬರುವವರೂ ಬಹಳ. ಕಾರಣ ಚಿತ್ರವಲ್ಲ, ಕಡತ. ಲೆಸ್ಟರ್ ಮತ್ತು ಸುತ್ತಲಿನ ಕ್ಯಾಮೆರಾ ಕ್ಲಬ್‌ಗಳಲ್ಲಿ ತಿಂಗಳಲ್ಲಿ ಎರಡು ಮೂರು ಉಪನ್ಯಾಸ, ಒಂದು ಸ್ಪರ್ಧೆ. ಪರದೆ ಮೇಲೆ ತೋರಿಸುವ ಚಿತ್ರಕ್ಕೆ ಬಹುತೇಕ ಎಲ್ಲೆಡೆ ಒಂದೇ ಅಳತೆ: ಅಗಲ ಹೆಚ್ಚೆಂದರೆ 1600 ಪಿಕ್ಸೆಲ್, ಎತ್ತರ ಹೆಚ್ಚೆಂದರೆ 1200, ಜೆಪೆಗ್ ಕಡತ, ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನಕ. ಇಲ್ಲಿ ಆಗುವ ಮೊದಲ ತಪ್ಪು, ಉದ್ದನೆಯ ಚಿತ್ರವನ್ನು 1600 ಎತ್ತರಕ್ಕೆ ಇಳಿಸುವುದು. ಮಿತಿ ಮೀರಿದ ಕಾರಣ ಚಿತ್ರ ತಿರಸ್ಕಾರವಾಗುತ್ತದೆ, ಇಲ್ಲವೇ ತಂತ್ರಾಂಶ ಕುಗ್ಗಿಸಿ ಮಂಕು ಮಾಡುತ್ತದೆ. ಲೈಟ್‌ರೂಮ್ ತಂತ್ರಾಂಶದಿಂದ ರಫ್ತು ಮಾಡುವಾಗ ಅಗಲ ಮತ್ತು ಎತ್ತರ ಎರಡನ್ನೂ ತುಂಬುವ ಆಯ್ಕೆ ತೆಗೆದುಕೊಂಡು 1600, 1200 ಎಂದು ಕೊಟ್ಟರೆ ಅಡ್ಡ, ಉದ್ದ ಎರಡೂ ಚಿತ್ರ ಸರಿಹೋಗುತ್ತವೆ. ಎರಡನೆಯದು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಬಣ್ಣದ ಮಾನಕದಲ್ಲೇ ಉಳಿಸಿ ಕಳಿಸುವುದು. ಪ್ರೊಜೆಕ್ಟರ್ ಅದನ್ನು ಎಸ್‌ಆರ್‌ಜಿಬಿ ಎಂದೇ ಓದಿದಾಗ ಬಂಡೀಪುರದ ಹಸಿರು ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಅಚ್ಚು ಚಿತ್ರವಾದರೆ ಮೌಂಟ್ (ಚಿತ್ರ ಕೂರಿಸುವ ರಟ್ಟು) 50 ಸೆಂಟಿಮೀಟರ್‌ಗೆ 40, ಹಿಂಬದಿಯಲ್ಲಿ ಅಂಟು ಎಲ್ಲೂ ಹೊರಗೆ ಕಾಣಬಾರದು. ರಾಶಿಯಲ್ಲಿ ಮುಂದಿನವರ ಚಿತ್ರಕ್ಕೆ ನಿಮ್ಮ ಟೇಪ್ ಅಂಟಿ ಮೇಲ್ಮೈ ಕಿತ್ತುಬಂದರೆ ಆ ಕ್ಲಬ್ಬಿನಲ್ಲಿ ನಿಮ್ಮ ಹೆಸರು ಬಹುಕಾಲ ನೆನಪಿರುತ್ತದೆ.

ನಾಗರಹೊಳೆ, ಕಬಿನಿಯ ಚಿತ್ರಗಳನ್ನು ‘ನೇಚರ್’ ವಿಭಾಗಕ್ಕೆ ಹಾಕುವವರು ನಿಯಮ ಓದಿಕೊಳ್ಳಿ. ಕತ್ತರಿಸಿ ಚೌಕಟ್ಟು ಬದಲಿಸಬಹುದು, ಬೆಳಕು ತಿದ್ದಬಹುದು. ಅಡ್ಡ ಬಂದ ಒಂದು ಕಡ್ಡಿಯನ್ನು ಅಳಿಸಿದರೂ ಚಿತ್ರ ಅನರ್ಹ. ಸಾಕುಪ್ರಾಣಿ, ತೋಟದಲ್ಲಿ ಬೆಳೆಸಿದ ಹೂವು ನಡೆಯದು. ಆನೆಯ ಹಿಂದೆ ಇಣುಕುವ ಸಫಾರಿ ಜೀಪನ್ನು ಕತ್ತರಿಸಿ ಹೊರಗಿಡಲು ಆಗದಿದ್ದರೆ ಆ ಚಿತ್ರವನ್ನು ‘ಓಪನ್’ ವಿಭಾಗಕ್ಕೆ ಕೊಡಿ, ಅಲ್ಲಿ ಅಳಿಸಿದರೆ ಯಾರೂ ಕೇಳರು. ತೀರ್ಪುಗಾರರು ಇಪ್ಪತ್ತಕ್ಕೆ ಅಂಕ ಕೊಡುತ್ತಾರೆ, ಎಲ್ಲರೆದುರೇ ಒಂದೊಂದು ಚಿತ್ರದ ಬಗ್ಗೆಯೂ ಮಾತಾಡುತ್ತಾರೆ. ಹೆಸರು ಹೇಳುವುದಿಲ್ಲ. ‘ಹೋಲ್ಡ್ ಬ್ಯಾಕ್’ ಎಂದು ಪಕ್ಕಕ್ಕಿಟ್ಟರೆ ಒಳ್ಳೆಯ ಸುದ್ದಿ, ಬಹುಮಾನಕ್ಕೆ ಮತ್ತೊಮ್ಮೆ ನೋಡುತ್ತಾರೆಂದು ಅರ್ಥ. ಅಲ್ಲಿಯೇ ಎದ್ದುನಿಂತು ಸಮರ್ಥಿಸಿಕೊಳ್ಳುವ ಪದ್ಧತಿ ಇಲ್ಲ. ಇನ್ನೂ ಮುಂದೆ ಹೋಗುವ ಹುರುಪಿರುವವರಿಗೆ 1853ರಲ್ಲಿ ಹುಟ್ಟಿದ ರಾಯಲ್ ಫೋಟೊಗ್ರಫಿಕ್ ಸೊಸೈಟಿಯ ಪದವಿಗಳಿವೆ. ಎಲ್‌ಆರ್‌ಪಿಎಸ್‌ಗೆ 10 ಚಿತ್ರ, ಎಆರ್‌ಪಿಎಸ್‌ಗೆ 15. ಬೆಂಗಳೂರಿನ ಯೂತ್ ಫೋಟೊಗ್ರಫಿಕ್ ಸೊಸೈಟಿಯ ಹಿರಿಯರ ಹೆಸರಿನ ಮುಂದೆ ನೀವು ನೋಡಿರುವ ಅಕ್ಷರಗಳು ಇವೇ. ಹತ್ತೂ ಒಳ್ಳೆಯ ಚಿತ್ರ ಇದ್ದರೆ ಸಾಲದು, ಹತ್ತೂ ಒಟ್ಟಿಗೆ ಒಂದು ಫಲಕದ ಹಾಗೆ ಹೊಂದಬೇಕು. ಸೋಲುವುದು ಅಲ್ಲೇ.

ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1913ರ ಡಿ ಮಾಂಟ್‌ಫರ್ಟ್ ಹಾಲಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕಛೇರಿ ಇರುವ ದಿನ, ಅದಕ್ಕೆ ಮೊದಲು ಪರಿಚಯ ಭಾಷಣ ಇದ್ದರೆ ತಪ್ಪಿಸಬೇಡಿ. ಮ್ಯೂಸಿಯಂನಲ್ಲಿ ಮಧ್ಯಾಹ್ನದ ಕಿರು ಕಛೇರಿಗಳೂ ನಡೆಯುತ್ತವೆ, ಕೈಗೆಟಕುವ ದರ. ಸಿಂಫನಿ ಎಂದರೆ ಸಾಮಾನ್ಯವಾಗಿ ನಾಲ್ಕು ಭಾಗ, ಕಂಚೆರ್ಟೊ ಮೂರು. ಭಾಗಗಳ ನಡುವೆ ಸದ್ದು ನಿಂತಾಗ ಚಪ್ಪಾಳೆ ಹೊಡೆಯುವುದಿಲ್ಲ, ವಾದ್ಯ ನಿರ್ದೇಶಕರು ಕೈ ಇಳಿಸಿ ತಿರುಗಿದ ಮೇಲೆಯೇ. ಚಾಮರಾಜಪೇಟೆಯ ರಾಮನವಮಿ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕಿದ ಕೈಗೆ ಇದು ಕಷ್ಟ, ಆದರೂ ಅಭ್ಯಾಸವಾಗುತ್ತದೆ. ನಮ್ಮ ಸಂಗೀತವೂ ಈ ಊರಿಗೆ ಹೊಸದಲ್ಲ. ಈಗ ಲಂಡನ್ನಿನಲ್ಲಿ ನಡೆಯುವ ದರ್ಬಾರ್ ಉತ್ಸವ 2006ರಲ್ಲಿ ಹುಟ್ಟಿದ್ದು ಲೆಸ್ಟರ್‌ನಲ್ಲೇ.

ಇತಿಹಾಸದ ಉಪನ್ಯಾಸಗಳಲ್ಲಿ 2012ರಲ್ಲಿ ಕಾರ್ ಪಾರ್ಕಿನಡಿ ಸಿಕ್ಕಿ 2015ರಲ್ಲಿ ಕೆಥೀಡ್ರಲ್‌ನಲ್ಲಿ ಮರುಸಮಾಧಿಯಾದ ಮೂರನೇ ರಿಚರ್ಡ್ ಬಗ್ಗೆ ಕೇಳಿ ಕೇಳಿ ಊರಿನವರಿಗೇ ಬೇಸರ ಬಂದಿದೆ. ಅದಕ್ಕಿಂತ 1972ರ ಕತೆ ಕೇಳಿ. ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಓಡಿಸಿದಾಗ, ದಯವಿಟ್ಟು ನಮ್ಮೂರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಸಾವಿರಾರು ಜನ ಬಂದರು, ಬೆಲ್‌ಗ್ರೇವ್ ರಸ್ತೆ ಭಾರತೀಯ ಅಂಗಡಿಗಳ ಇವತ್ತಿನ ಬೆಲ್‌ಗ್ರೇವ್ ರಸ್ತೆಯಾಯಿತು. ಆ ಪೀಳಿಗೆಯವರು ಸಭೆಯಲ್ಲೇ ಕೂತಿರುತ್ತಾರೆ, ಅವರೆದುರು ‘ಇಲ್ಲಿಯ ಗುಜರಾತಿಗಳು’ ಎಂದು ಹಗುರವಾಗಿ ಮಾತಾಡಬೇಡಿ. ಇನ್ನೊಂದು: ನ್ಯೂವಾರ್ಕ್ ಹೌಸಸ್ ಮ್ಯೂಸಿಯಂನಲ್ಲಿರುವ ಲೆಸ್ಟರ್‌ಶೈರ್ ರೆಜಿಮೆಂಟಿನ ಲಾಂಛನದ ಹುಲಿಯನ್ನು ಕಂಡು ಅದು ಟಿಪ್ಪುವಿನದೆಂದು ನಮ್ಮವರು ಹೇಳುವುದುಂಟು. ಅಲ್ಲ. ಆ ಪಡೆ ಭಾರತಕ್ಕೆ ಬಂದದ್ದು 1804ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಐದು ವರ್ಷವಾದ ಮೇಲೆ. 1823ರವರೆಗೆ ಇದ್ದ ಸೇವೆಗಾಗಿ 1825ರಲ್ಲಿ ಹುಲಿಯನ್ನೂ ‘ಹಿಂದೂಸ್ತಾನ್’ ಎಂಬ ಹೆಸರನ್ನೂ ಲಾಂಛನಕ್ಕೆ ಕೊಟ್ಟರು. ಟಿಪ್ಪುವಿನ ಮರದ ಹುಲಿ ನೋಡಬೇಕಿದ್ದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ.

ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹಗಲೆಲ್ಲ ಮನೆಯಲ್ಲಿ ಕೂತು ಕಿಟಕಿ ನೋಡುವ ಅವರಿಗೆ ಸಂಜೆಗಿಂತ ಹಗಲಿನ ಸಭೆ ವಾಸಿ. 1982ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಯು3ಎ (ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್) ಗುಂಪುಗಳು ಪೂರ್ಣಾವಧಿ ಕೆಲಸದಲ್ಲಿ ಇಲ್ಲದವರಿಗಾಗಿಯೇ ಇವೆ. ಒಂದೆರಡು ಸಭೆಗೆ ಅತಿಥಿಯಾಗಿ ಬರಬಹುದೇ ಎಂದು ಕಾರ್ಯದರ್ಶಿಗೆ ಮೊದಲೇ ಬರೆದು ಕೇಳಿ. ನಿವೃತ್ತ ಮೇಷ್ಟರು, ಬ್ಯಾಂಕಿನವರು ಅಲ್ಲಿ ಬೇಗ ಹೊಂದಿಕೊಳ್ಳುತ್ತಾರೆ, ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮಂದಿರಿಗೆ ತೋಟಗಾರಿಕೆಯ ಗುಂಪು ಮೇಲು. ತಿನಿಸಿನ ಬಗ್ಗೆ ಒಂದು ಎಚ್ಚರ: ಡಿಸೆಂಬರ್‌ನಲ್ಲಿ ಕೊಡುವ ಮಿನ್ಸ್ ಪೈನಲ್ಲಿ ಮಾಂಸ ಇರುವುದಿಲ್ಲ, ಒಣಹಣ್ಣಿನ ಹೂರಣ. ಆದರೆ ಅದಕ್ಕೆ ದನದ ಕೊಬ್ಬಾದ ಸ್ಯೂಯೆಟ್ ಹಾಕಿರುವ ಸಾಧ್ಯತೆ ಇದೆ, ಡಬ್ಬಿಯ ಮೇಲೆ ‘ವೆಜಿಟೇರಿಯನ್’ ಎಂದಿದೆಯೇ ಎಂದು ಕೇಳಿ ತಿನ್ನಿ. ಮಾರ್ಷ್‌ಮ್ಯಾಲೊ ಇರುವ ಬಿಸ್ಕತ್ತಿನಲ್ಲಿ ಜೆಲಟಿನ್ ಇರುತ್ತದೆ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಒಂದು ಋತು ಕಳೆದ ಮೇಲೆ ‘ನೀವೇಕೆ ಮಾತಾಡಬಾರದು’ ಎಂದು ಕೇಳುತ್ತಾರೆ. ಅದಕ್ಕೆ ಮೊದಲು ಚಹಾ ಸರದಿಗೆ ಹೆಸರು ಕೊಟ್ಟಿದ್ದರೆ ಇನ್ನೂ ಬೇಗ ಕೇಳುತ್ತಾರೆ. ಮುಂದಿನ ಸೆಪ್ಟೆಂಬರ್‌ನ ಪಟ್ಟಿ ಫೆಬ್ರವರಿಯಿಂದ ಮೇ ನಡುವೆ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಶೀರ್ಷಿಕೆಯನ್ನೂ ಎಂಬತ್ತು ಪದದ ಪರಿಚಯವನ್ನೂ ಕೊಡಿ. ವಿಷಯ ಚಿಕ್ಕದಿರಲಿ. ‘ಕರ್ನಾಟಕದ ಪರಂಪರೆ’ ಎಂದರೆ ಸಭೆ ಆಕಳಿಸುತ್ತದೆ. ಹಂಪಿಯ ನೀರಿನ ಕಾಲುವೆಗಳು, ಪಶ್ಚಿಮ ಘಟ್ಟದ ಕಪ್ಪೆಗಳು, ಒಂದೇ ರಾಗ, ಇಂಥದ್ದು ನಿಲ್ಲುತ್ತದೆ. ರಾಗವಾದರೆ ಮೋಹನ ಒಳ್ಳೆಯದು. ಪಿಯಾನೊದ ಕಪ್ಪು ಮನೆಗಳಲ್ಲಿ ಎಫ್ ಶಾರ್ಪನ್ನು ಷಡ್ಜ ಮಾಡಿಕೊಂಡು ಆ ಐದನ್ನೇ ನುಡಿಸಿದರೆ ಅದೇ ಮೋಹನ. ಹೊಸ ವರ್ಷದ ರಾತ್ರಿ ಎಲ್ಲರೂ ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಧಾಟಿಯೂ ಅವೇ ಐದು ಸ್ವರಗಳಲ್ಲಿದೆ ಎಂದು ತೋರಿಸಿದರೆ ಮುಂದಿನ ಮುಕ್ಕಾಲು ಗಂಟೆ ಸಭೆ ನಿಮ್ಮದು.

ಸ್ಲೈಡುಗಳು ನಲವತ್ತು ದಾಟದಿರಲಿ. ಪೆನ್ ಡ್ರೈವ್‌ನಲ್ಲಿ ಮೂಲ ಕಡತದ ಜೊತೆ ಪಿಡಿಎಫ್ ಪ್ರತಿಯೂ ಇರಲಿ, ಕನ್ನಡ ಅಕ್ಷರವಿದ್ದರೆ ಅದನ್ನು ಚಿತ್ರವಾಗಿ ಅಂಟಿಸಿ. ಅಲ್ಲಿನ ಲ್ಯಾಪ್‌ಟಾಪಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚೌಕಡಬ್ಬಿಗಳಾಗುತ್ತವೆ. ಎಚ್‌ಡಿಎಂಐ ಅಡಾಪ್ಟರ್ ನೀವೇ ಒಯ್ಯಿರಿ, ಮುಕ್ಕಾಲು ಗಂಟೆ ಮೊದಲೇ ಹೋಗಿ ಜೋಡಿಸಿ ನೋಡಿ. ಮೈಕ್ ಬೇಡ ಎನ್ನಬೇಡಿ, ಶ್ರವಣ ಯಂತ್ರದವರಿಗೆ ಮಾತು ತಲುಪುವುದು ಮೈಕಿನ ಮೂಲಕವೇ. ಗೌರವಧನದ ಮಾತು ಬಂದರೆ ವೀಸಾ ನೆನಪಿರಲಿ. ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ ಉದ್ಯೋಗಕ್ಕೆ ಅವಕಾಶವಿಲ್ಲ, ಕೆಲಸದ ವೀಸಾದಲ್ಲೂ ಹೆಚ್ಚುವರಿ ಗಳಿಕೆಗೆ ಕಟ್ಟುಪಾಡುಗಳಿವೆ. ಐವತ್ತು ಪೌಂಡಿನ ಲಕೋಟೆ ಮುಂದೆ ವೀಸಾ ನವೀಕರಣದ ಹೊತ್ತಿಗೆ ತಲೆನೋವಾಗುವುದು ಬೇಡ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯನ್ನೋ ಕಂಪನಿಯ ಎಚ್‌ಆರ್ ವಿಭಾಗವನ್ನೋ ಕೇಳಿ, ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಬಸ್ ಖರ್ಚಿನ ರಸೀದಿ ಕೊಟ್ಟು ಅದಷ್ಟನ್ನೇ ತೆಗೆದುಕೊಳ್ಳಿ.